ಮಿಕ್ಸಿ ನಿಲ್ಲಿಸಿದ ಹತ್ತು ದಿನ

ತೊಂಬತ್ತರ ದಶಕದಲ್ಲಿ ಅಮ್ಮನಿಗೆ ಪೇಸ್‌ಮೇಕರ್ ಹಾಕಿಸಿದೆವು. ಶಿಡ್ಲಘಟ್ಟದ ನಮ್ಮ ಬೀದಿಗೆ ಅದೇ ಮೊದಲು. ಗುಂಡಿಗೆ ಬಡಿತ ನಿಧಾನವಾಗಿ, ನಿಂತಲ್ಲೇ ಕಣ್ಣು ಕತ್ತಲಿಟ್ಟು ಬೀಳುತ್ತಿದ್ದಳು. ಬೆಂಗಳೂರಿನ ಡಾಕ್ಟರು ಎಡ ಹೆಗಲ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ಮಿಷನ್ನು ಇಟ್ಟು, ಅದರಿಂದ ಗುಂಡಿಗೆಗೊಂದು ತಂತಿ ಇಳಿಬಿಟ್ಟರು. ಅಮ್ಮ ಎದ್ದು ಓಡಾಡಿದಳು.

ಎರಡು ತಿಂಗಳು ಕಳೆದಿರಲಿಲ್ಲ, ಮತ್ತೆ ತಲೆಸುತ್ತು ಅಂತ ಸುದ್ದಿ ಬಂತು. ನಾನು ಚಿಂತಾಮಣಿಯಲ್ಲಿ ಸ್ಕೂಲ್ ಮೇಡಂ. ತಪ್ಪು ಹುಡುಕುವುದೇ ಕಸುಬು, ಬುದ್ಧಿಯೂ ಹಾಗೇ. ಬಸ್ಸಿಳಿಯುವಷ್ಟರಲ್ಲಿ ಡಾಕ್ಟರದೇ ಮೋಸ ಅಂತ ತೀರ್ಮಾನ ಮಾಡಿಯಾಗಿತ್ತು. ಪಕ್ಕದ ಮನೆಯ ತೆಲುಗಿನಾಕೆ ಬಾಗಿಲಲ್ಲೇ ಉರಿಯೋ ಬೆಂಕಿಗೆ ತುಪ್ಪ ಸುರಿದಳು: "ಪಾತದಿ ಪೆಟ್ಟಿನಾರೇಮೋಮ್ಮಾ! ಯಾರೋ ಸತ್ತೋರ ಎದೆಯಿಂದ ತೆಗೆದ ಹಳೇದೇ ಇರಬೇಕು."

ಒಳಗೆ ತಮ್ಮನ ಹೆಂಡತಿ ಮಿಕ್ಸಿಯಲ್ಲಿ ಚಟ್ನಿ ಅರೆಯುತ್ತಿದ್ದಳು. ಆ ಸದ್ದಿಗೆ ಅಮ್ಮ ಬೆಚ್ಚಿದ ಹಾಗೆ ನನಗೆ ಕಂಡಿತು. ತಗೋ, ಅನುಮಾನ ಡಾಕ್ಟರನ್ನು ಬಿಟ್ಟು ಅವಳನ್ನು ಹಿಡಿಯಿತು.

"ಕರೆಂಟು ಮಿಷನ್ನಿಗೆ ಹೊಡೆಯುತ್ತೆ ಅಂತ ಗೊತ್ತಿಲ್ವೇನಮ್ಮ? ಇಲ್ಲಾ, ಗೊತ್ತಿದ್ದೇ ಮಾಡ್ತೀಯೋ?"

"ಮಿಕ್ಸಿಯಿಂದ ಏನೂ ಆಗಲ್ಲ ಅಂತ ಡಾಕ್ಟ್ರೇ ಹೇಳವ್ರೆ ಅಕ್ಕಾ," ಅಂದಳು. ಕಣ್ಣಲ್ಲಿ ನೀರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ ಅಂದುಕೊಂಡೆ. ಏಳು ತಿಂಗಳ ಬಸುರಿ ಅವತ್ತಿನಿಂದ ಒರಳಿನ ಮುಂದೆ ಕೂತಳು. ಅಮ್ಮ ಏನೋ ಹೇಳಲು ಬಂದಳು, ನಾನು ಬಿಡಲಿಲ್ಲ.

ನಾನು ರಜೆ ಹಾಕಿ ಅಲ್ಲೇ ಉಳಿದೆ. ಹತ್ತು ದಿನಕ್ಕೆ ಅಮ್ಮ ಬಚ್ಚಲಲ್ಲಿ ಬಿದ್ದಳು. ಈ ಸಲ ಉಳಿಯುವುದಿಲ್ಲ ಅಂತಲೇ ಎಲ್ಲರೂ ತಿಳಿದೆವು. ಹೇಗೋ ಬೆಂಗಳೂರು ಮುಟ್ಟಿಸಿದೆವು. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ನಿಂತಿದ್ದೆ.

ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದರು. ತಂತಿ ಗುಂಡಿಗೆಯಲ್ಲಿ ಇರಲೇ ಇಲ್ಲ. ಮೇಲಕ್ಕೆ ಬಂದು ಮಿಷನ್ನಿಗೇ ಸುತ್ತಿಕೊಂಡಿತ್ತು. "ಇವರು ಇದನ್ನ ಒಳಗೊಳಗೇ ತಿರುಗಿಸ್ತಾ ಇದ್ದಾರೆ. ಏನು ಕೆಲಸ ಮಾಡ್ತಿದ್ರು?" ಅಂದರು.

ನಲವತ್ತು ವರ್ಷ ರೇಷ್ಮೆ ನೂಲು ತೆಗೆದವಳು. ಕುದಿಯುವ ನೀರಲ್ಲಿ ಗೂಡಿನ ಎಳೆ ಹಿಡಿದು, ಹರಿದರೆ ಹೆಬ್ಬೆರಳು ತೋರುಬೆರಳಲ್ಲಿ ಹೊಸೆದು ಸೇರಿಸಿದವಳು. ಕೆಲಸ ಬಿಟ್ಟರೂ ಬೆರಳು ಚಾಳಿ ಬಿಟ್ಟಿರಲಿಲ್ಲ, ಸೆರಗಿನ ತುದಿಯನ್ನಾದರೂ ಹೊಸೆಯುತ್ತಿತ್ತು. ಈಗ ಸೆರಗಿನ ಮರೆಯಲ್ಲಿ ಮಿಷನ್ನು ಸಿಕ್ಕಿತ್ತು. ಅಯ್ಯೋ ದೇವರೇ, ಎಷ್ಟು ಸಲ ಕಣ್ಣಾರೆ ನೋಡಿದ್ದೆ! ಡಾಕ್ಟರು ಮುಟ್ಟಬೇಡಿ ಅಂದಿದ್ದನ್ನು ಹೊಲಿಗೆ ಮಾಯುವ ತನಕ ಮಾತ್ರ ಅಂತ ನಾವೆಲ್ಲ ತಿಳಿದಿದ್ದೆವು.

"ತಂತಿ ಮೇಲೆ ಬರುವಾಗ ಎಡಗೈ ಅದುರುತ್ತೆ. ಆಗಲೇ ಬಂದಿದ್ರೆ ಇಷ್ಟು ಅಪಾಯ ಆಗ್ತಿರ್ಲಿಲ್ಲ. ಅದುರ್ಲಿಲ್ವಾಮ್ಮ?"

ಅಮ್ಮ ನನ್ನ ಮುಖ ನೋಡಿ, "ಇಲ್ಲ ಸ್ವಾಮಿ" ಅಂದಳು. ಸುಳ್ಳು ಅಂತ ನನಗೆ ಆಗಲೇ ಗೊತ್ತಾಯಿತು.

ಎರಡನೇ ಆಪರೇಷನ್ ಆಗಿ ನಾಲ್ಕನೇ ದಿನ ತಲೆ ಬಾಚುತ್ತಾ ಕೇಳಿದೆ: "ನಿಜ ಹೇಳಮ್ಮ. ಕೈ ಅದುರ್ಲಿಲ್ವಾ?"

"ಕರೆಂಟು ಹೊಡೆದಂಗೆ ಅದುರ್ತಿತ್ತು ಕಣೇ. ಮೊರ ಹಿಡಿಯಕ್ಕೂ ಆಗ್ತಿರ್ಲಿಲ್ಲ."

ಸಿಟ್ಟು ನೆತ್ತಿಗೇರಿತು. "ಸಾಯೋಷ್ಟು ಆಗಿದ್ರೂ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಬಾಯಿ ಬಿಟ್ಟಿದ್ರೆ, ಆ ಬಸುರಿ ಹೆಣ್ಣನ್ನ ನೀನು ಮನೇಲಿ ಇರಕ್ಕೆ ಬಿಡ್ತಿದ್ಯಾ?" ಅಂದಳು ಅಮ್ಮ.