ಒಗ್ಗರಣೆ ಸದ್ದಿಲ್ಲದ ಓಣಿ

ಮೊನ್ನೆ ಸಂಜೆ ನಿಮ್ಮಮ್ಮ ಸಾರಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಚಟಪಟ ಅಂದಿತು, ಹಿಂದೆಯೇ ಇಂಗು, ಕರಿಬೇವು, ಒಣಮೆಣಸಿನಕಾಯಿಯ ಘಾಟು. ಹೊರಗೆ ಕೂತಿದ್ದ ನನಗೆ ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು. "ಘಾಟಾಯ್ತಾ ಅಜ್ಜಿ?" ಎನ್ನುತ್ತ ನೀನು ಅಡುಗೆಮನೆಯ ಬಾಗಿಲು ಎಳೆದೆ ಪುಟ್ಟಿ. ಹೌದು ಅಂದೆ. ಬೇರೆ ಏನು ಹೇಳಬೇಕೋ ಆಗ ತಿಳಿಯಲಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು ನಾನು. ನಾಲ್ಕು ಜನರ ಎದುರು ನಿಂತರೆ ಈಗಲೂ ಕೈ ಸೆರಗನ್ನು ಹುಡುಕುತ್ತದೆ. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ. ನೀನೂ ನಿನ್ನ ತಮ್ಮನೂ ಓದಿಕೊಳ್ಳಿ.

ಈ ಶಿಕಾರಿಪುರದ ಮನೆಗೆ ಬರುವ ಮೊದಲು ನಾನು ಸೊರಬದ ಕಡೆಯ ನಮ್ಮ ಊರಿನಲ್ಲೇ ಇದ್ದೆನಲ್ಲ, ಅಲ್ಲಿ ಎದುರು ಸಾಲಿನ ಮೂಲೆಮನೆಯಲ್ಲಿ ಒಬ್ಬರು ಇದ್ದರು. ಶಿಕಾರಿಪುರದಿಂದ ಆನವಟ್ಟಿಗೆ ಓಡುತ್ತಿದ್ದ ಖಾಸಗಿ ಬಸ್ಸಿನಲ್ಲಿ ಬಹಳ ವರ್ಷ ಕಂಡಕ್ಟರ್ ಆಗಿದ್ದವರು. ಮಂಡಿನೋವು ಶುರುವಾದ ಮೇಲೆ ಮನೆಯಲ್ಲಿ ಕೂತರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಓಣಿಗೆಲ್ಲ ಅವರು ಕಂಡಕ್ಟರ್ ಅಣ್ಣ. ನನ್ನನ್ನು ತಂಗಿ ಎನ್ನುತ್ತಿದ್ದರು.

ಅವರಿಗೆ ಒಂದು ಚಾಳಿ ಇತ್ತು. ದೀಪ ಹಚ್ಚುವ ಹೊತ್ತಿಗೆ ಕುಂಟುತ್ತ ಓಣಿಯ ಆ ತುದಿಯಿಂದ ಈ ತುದಿಗೆ ಬರುವರು. ಯಾರ ಮನೆಯಲ್ಲಿ ಏನು ಅಡುಗೆ ಎಂದು ದಾರಿಯಲ್ಲಿ ನಿಂತೇ ಹೇಳುವರು. "ತಂಗೀ, ಹುರುಳಿಕಟ್ಟಿನ ಸಾರು ಅಲ್ಲೇನು? ಬೆಳ್ಳುಳ್ಳಿ ಒಂಚೂರು ಹೊತ್ತೈತೆ ನೋಡು." ನಾನು ನಾಚಿಕೊಂಡು ಒಳಗೆ ಓಡಿ ನೋಡಿದರೆ ಹೊತ್ತಿಯೇ ಇರುತ್ತಿತ್ತು. "ಬಸ್ಸಲ್ಲಿ ಯಾರ ಬುತ್ತೀಲಿ ಎಂತ ಐತೆ ಅಂತ ಮೂಸಿ ಮೂಸಿ ಕಲ್ತಿದ್ದು" ಎಂದು ನಗುತ್ತಿದ್ದರು. ಇಂಥ ರುಚಿ ನೋಡುವ ಮನುಷ್ಯ ತಾನು ಮಾತ್ರ ದಿನವೂ ಅನ್ನ, ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ಊಟ ಮುಗಿಸುತ್ತಿದ್ದರು...

ನೀನಾಗ ಮೂರು ವರ್ಷದ ಕೂಸು. ನಿಮ್ಮಮ್ಮ ನಿನ್ನ ತಮ್ಮನ ಬಾಣಂತನಕ್ಕೆ ಬಂದಿದ್ದಳು. ನಿಮ್ಮಜ್ಜ ಆಗಲೇ ಇರಲಿಲ್ಲ. ನಮ್ಮತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಇನ್ನೂ ಗಟ್ಟಿಯಾಗಿದ್ದರು. ಮನೆ ಅವರ ಮಾತಿನ ಮೇಲೆ ನಡೆಯುತ್ತಿತ್ತು. ಆ ಬೇಸಿಗೆಯಲ್ಲಿ ಊರಿಗೆ ದಡಾರ ಬಂತು. ಆಸ್ಪತ್ರೆಯವರು ಮಾತ್ರ ಅದನ್ನು ದಡಾರ ಎನ್ನುವುದು. ನಮ್ಮಲ್ಲಿ, ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆ ಎದ್ದರೆ, ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಹೊರಗಿನವರು ಬರಬಾರದು. ಮಗುವಿಗೆ ಸೂಜಿ ಚುಚ್ಚಿಸಬಾರದು. ಮಗುವಿಗೆ ಬೇವಿನ ನೀರು ಹೊಯ್ದು ಅಮ್ಮನನ್ನು ಕಳಿಸುವ ತನಕ ಒಲೆಯ ಮೇಲೆ ಎಣ್ಣೆ ಕಾಯಬಾರದು, ಒಗ್ಗರಣೆ ಸಿಡಿಯಬಾರದು.

ಆದರೆ ಆ ವರ್ಷ ಬಾಗಿಲುಗಳ ಮೇಲೆ ಬೇವು ಕಾಣಲಿಲ್ಲ. ಮೊದಲು ಸೊಪ್ಪು ಕಟ್ಟಿದ ಎರಡು ಮನೆಗಳ ಹಾಲನ್ನು ಡೇರಿಯಲ್ಲಿ ಬೇಡ ಎಂದು ವಾಪಸು ಕಳಿಸಿದ್ದರು. ಓಣಿಯಲ್ಲಿ ಎಮ್ಮೆ ಹಸು ಇಲ್ಲದ ಮನೆಯೇ ಕಡಿಮೆ. ಎಲ್ಲರೂ ಸೊಪ್ಪನ್ನು ಮಗುವಿನ ಹಾಸಿಗೆಯ ಕೆಳಗೆ ಇಟ್ಟು ಬಾಗಿಲು ಎಳೆದುಕೊಂಡರು. ನಮ್ಮ ಮನೆಯಲ್ಲೂ ಅದೇ. ನಿನ್ನ ಮೈಯೆಲ್ಲ ಕೆಂಡ. ಒಳಕೋಣೆಯಲ್ಲಿ ಬೇವಿನ ಎಸಳಿನ ಮೇಲೆ ಮಲಗಿಸಿದ್ದೆವು. ಬಾಣಂತಿಯೂ ಎಳೆಗೂಸೂ ಪಕ್ಕದ ಕೋಣೆಯಲ್ಲಿ. ನಡುವೆ ಒಂದು ಹಲಗೆಗೋಡೆ.

ಓಣಿಯ ಕೊನೆಯ ಮನೆಯಲ್ಲಿ ಒಂದು ಹೆಣ್ಣುಮಗು ಹೋಯಿತು. ಜ್ವರ, ಕಫ ಎಂದರು. ಆ ಮನೆಯವರೂ ಬೇರೆ ಹೇಳಲಿಲ್ಲ. ಅದಾದ ಮರುದಿನ ಹೋಟೆಲಿನಲ್ಲಿ ಯಾರೋ ಪೇಪರ್ ಓದಿದರಂತೆ: ತಾಲ್ಲೂಕಿನಲ್ಲಿ ದಡಾರದ ಎರಡೇ ಪ್ರಕರಣ, ಜನ ಆತಂಕಪಡುವ ಅಗತ್ಯವಿಲ್ಲ.

ಆ ಸಂಜೆ ಕಂಡಕ್ಟರ್ ಅಣ್ಣ ಎಂದಿನಂತೆ ಹೊರಟವರು ನಮ್ಮ ಮನೆಯ ಮುಂದೆ ನಿಂತುಬಿಟ್ಟರು. ಯಾವ ಅಡುಗೆ ಎಂದು ಹೇಳಲಿಲ್ಲ.

"ತಂಗೀ, ಆ ತುದಿಯಿಂದ ಇಲ್ಲೀ ತನಕ ಬಂದೆ. ಒಂದು ಮನೇಲೂ ಸಾಸಿವೆ ಸಿಡಿಲಿಲ್ಲ. ಓಣಿಗೆ ಓಣೀನೇ ಸಪ್ಪೆ ಉಣ್ತಾ ಐತೆ. ಎರಡಂತೆ, ಎರಡು! ಟಿಕೆಟ್ ಹರಿದಿದ್ದು ಎರಡು ಅನ್ನಲಿ. ಬಸ್ಸಲ್ಲಿ ಎಷ್ಟು ಜನ ಕೂತಿದಾರೆ ಅಂತ ಎದ್ದು ನೋಡಬೇಡವಾ?"

ಒಳಗಿನಿಂದ ನೀನು ಕೆಮ್ಮಿದೆ. ಅವರು ನನ್ನ ಮುಖ ನೋಡಿದರು, ತಲೆ ಆಡಿಸಿ ಹೋದರು.

ಬೆಳಿಗ್ಗೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋದರು. ಅಲ್ಲಿ ನಡೆದುದನ್ನು ಅವರೇ ಆಮೇಲೆ ಎಷ್ಟೋ ಸಲ ಹೇಳಿ ನಗಿಸಿದ್ದರಿಂದ ನನಗೆ ಕಂಡಷ್ಟೇ ನೆನಪಿದೆ. ಹೊಸದಾಗಿ ಬಂದಿದ್ದ ಡಾಕ್ಟರು, ಚಿಕ್ಕ ವಯಸ್ಸು, ಇವರ ಮಾತನ್ನೆಲ್ಲ ಕೇಳಿದರಂತೆ. "ನೋಡಿ ಯಜಮಾನ್ರೇ, ಇಲ್ಲಿಗೆ ಬಂದ ಮಕ್ಕಳು ಇಬ್ಬರೇ. ಬಂದವರನ್ನ ಎಣಿಸಿದೀನಿ. ಬರದೇ ಇರೋರನ್ನ ಹೇಗೆ ಎಣಿಸ್ಲಿ? ಒಗ್ಗರಣೆ ಹಾಕ್ತಿಲ್ಲ ಅಂತ ಮೇಲಿನವರಿಗೆ ಬರೀಲಾ?"

"ಬರೀಬ್ಯಾಡ್ರಿ. ಬಂದು ಮೂಸ್ರಿ."

ಡಾಕ್ಟರಿಗೂ ನಗು ಬಂತಂತೆ. ಆದರೆ ತಮ್ಮ ಕಷ್ಟವನ್ನೂ ಹೇಳಿದರು. ಹೋದ ವಾರ ನರ್ಸಮ್ಮನನ್ನು ಕಳಿಸಿದ್ದರು. ಓಣಿಯವರೆಲ್ಲ ನಮ್ಮಲ್ಲಿ ಏನೂ ಇಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದ್ದರು. ಕಣ್ಣಾರೆ ಕೆಲವು ಮಕ್ಕಳನ್ನಾದರೂ ತೋರಿಸಿದರೆ ಔಷಧಿಯ ಸಮೇತ ಜೀಪು, ಜನ ಎಲ್ಲ ತರಿಸಬಹುದು, ಕಾಯಿಲೆ ಬಾರದ ಮಕ್ಕಳಿಗೆ ಲಸಿಕೆ ಹಾಕಬಹುದು. ಎರಡೇ ಪ್ರಕರಣ ಎಂದಿರುವಾಗ ಕೇಳಿದರೆ ಯಾರೂ ಕೊಡುವುದಿಲ್ಲ.

ಸಿಟ್ಟಿನಿಂದ ಹೋದವರು ಬೇರೆಯೇ ಮುಖ ಮಾಡಿಕೊಂಡು ಬಂದರು. ತಪ್ಪು ಲೆಕ್ಕದಲ್ಲಿ ಓಣಿಯ ಪಾಲೂ ಇದೆ ಎಂದು ಅವರಿಗೆ ಗೊತ್ತಾಗಿತ್ತು. ಮನೆ ಮನೆಯ ಬಾಗಿಲು ಬಡಿದರು. ನಮ್ಮ ಪಕ್ಕದ ಮನೆಯಾಕೆ ಬಾಗಿಲನ್ನು ಇಷ್ಟೇ ತೆರೆದು ಹೇಳುವುದು ನನಗೆ ಕೇಳಿಸಿತು: "ನಮ್ಮ ಹುಡುಗ ಅವನ ಅಜ್ಜಿ ಮನೆಗೆ ಗುಡವಿಗೆ ಹೋಗ್ಯಾನೆ ಅಣ್ಣ."

"ಹೌದೇನವ್ವ? ಕೆಮ್ಮು ಮಾತ್ರ ಇಲ್ಲೇ ಬಿಟ್ಟು ಹೋಗ್ಯಾನೆ ಅನ್ನು."

ಬಾಗಿಲು ಮುಚ್ಚಿತು. ಇನ್ನೊಂದು ಮನೆಯವರು ಬೈದೇ ಕಳಿಸಿದರು. ಕೊನೆಗೆ ನಮ್ಮ ಮನೆಗೆ ಬಂದು, ಹೊಸಿಲಿನ ಆಚೆಯೇ ನೆಲದ ಮೇಲೆ ಕೂತರು. ನಿನ್ನ ಉಸಿರು ಅಷ್ಟು ಹೊತ್ತಿಗೆ ಗೊರಗೊರ ಎನ್ನತೊಡಗಿತ್ತು. ಪಕ್ಕೆ ಒಳಗೆ ಹೋಗಿ ಹೋಗಿ ಬರುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ನಿಮ್ಮಮ್ಮ ಅಳುತ್ತಿದ್ದಳು. ನಮ್ಮತ್ತೆ ಒಪ್ಪಿರಲಿಲ್ಲ.

"ಏನ್ ಬಂದೆ?" ಅಂದರು ಅತ್ತೆ. "ಅಮ್ಮ ಬಂದಿರೋದು ಮನೆಗೆ, ಆಸ್ಪತ್ರೆಗಲ್ಲ. ಸೂಜಿ ಮಾತು ಎತ್ತಿದರೆ ನೋಡು."

"ಸೂಜಿ ಮಾತು ಎತ್ತಲ್ಲ ಅವ್ವ. ಬೇವಿನ ಮಾತು ಕೇಳಾನ ಅಂತ ಬಂದೆ. ನಿಮ್ಮ ಕಾಲದಲ್ಲಿ ಅಮ್ಮ ಬಂದರೆ ಸೊಪ್ಪನ್ನ ಎಲ್ಲಿ ಕಟ್ತಿದ್ರಿ?"

"ಬಾಗಿಲಿಗೆ. ಇನ್ನೆಲ್ಲಿ?"

"ಈಗ ಎಲ್ಲೈತೆ?"

ಅತ್ತೆ ಒಳಕೋಣೆಯ ಕಡೆ ನೋಡಿದರು.

"ಮನೆಗೆ ಬಂದ ಹೆಣ್ಣುಮಗಳನ್ನ ಹಾಸಿಗೆ ಕೆಳಗೆ ಬಚ್ಚಿಟ್ಟು, ನಮ್ಮಲ್ಲಿ ಯಾರೂ ಬಂದೇ ಇಲ್ಲ ಅಂತ ಊರಿಗೆಲ್ಲ ಹೇಳ್ತಿದೀರಿ. ಎರಡು ಲೀಟರ್ ಹಾಲಿಗೋಸ್ಕರ. ಅವಳಿಗೆ ಇದು ಮರ್ಯಾದೇನಾ ಅವ್ವ?"

ಅತ್ತೆ ಎಲೆ ಅಡಿಕೆಯನ್ನು ಬಾಯಿಯಲ್ಲಿ ಆ ಕಡೆಯಿಂದ ಈ ಕಡೆಗೆ ಹೊರಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಕಟ್ಟು ಹೋಗು" ಎಂದರು.

ವಿಧವೆಯಾದ ಮೇಲೆ ನಾನು ಬಾಗಿಲಿನ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ತೋರಣ, ರಂಗೋಲಿ ಎಲ್ಲ ಬೇರೆಯವರದು. ಅವತ್ತು ಯಾರ ಮುಖವನ್ನೂ ನೋಡಲಿಲ್ಲ. ಹಿತ್ತಲಿಗೆ ಹೋಗಿ ಬೇವಿನ ಇಡೀ ಕೊಂಬೆಯನ್ನೇ ಮುರಿದು ತಂದೆ. ದಾರಿಯ ಆ ತುದಿಗೂ ಕಾಣಲಿ ಎಂದು ಎತ್ತರಕ್ಕೆ ಕಟ್ಟಿದೆ. ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡುತ್ತಿದ್ದಳು. ನನ್ನ ಬಾಯಿಂದ ಮಾತು ಹೇಗೆ ಬಂತೋ... "ನಮ್ಮ ಮನೆಗೆ ಅಮ್ಮ ಬಂದಿದಾಳೆ ಕಣೇ. ನಿಮ್ಮ ಮನೇಲೂ ಐದಾರು ದಿನದಿಂದ ಒಗ್ಗರಣೆ ಇಲ್ಲ. ನೀನೂ ಕಟ್ಟು" ಎಂದೆ. ಇಡೀ ಓಣಿಗೆ ಕೇಳಿಸುವಷ್ಟು ಜೋರಾಗಿ ಹೇಳಿದೆನಂತೆ. ಹಾಗೆಂದು ಕಂಡಕ್ಟರ್ ಅಣ್ಣ ಆಮೇಲೆ ರೇಗಿಸುತ್ತಿದ್ದರು.

ಆಕೆ ಕಟ್ಟಿದಳು. ಆಕೆಯದನ್ನು ನೋಡಿ ಆಚೆ ಮನೆಯವರು. ನಮ್ಮತ್ತೆ ಕೋಲೂರಿಕೊಂಡು ಹೋಗಿ ನಾಲ್ಕಾರು ಮನೆಯವರನ್ನು ಬೈದು ಕಟ್ಟಿಸಿದರು. ಎಲ್ಲರೂ ಕಟ್ಟಿದ ಮೇಲೆ ಯಾರ ಹಾಲನ್ನು ಬೇಡ ಎನ್ನುವುದು? ಅದೂ ಒಂದು ಧೈರ್ಯ. ಕಂಡಕ್ಟರ್ ಅಣ್ಣ ಡಾಕ್ಟರಿಗೆ ಫೋನ್ ಮಾಡಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಡಾಕ್ಟರು ಒಂದು ಬಾಡಿಗೆ ಜೀಪಿನಲ್ಲಿ ಬಂದು ಓಣಿಯ ಬಾಯಲ್ಲಿ ಇಳಿದು, ಎರಡೂ ಸಾಲಿನ ಬಾಗಿಲುಗಳನ್ನು ನೋಡುತ್ತ ನಿಂತರು. ಎಲ್ಲಿ ನೋಡಿದರೂ ಹಸಿರು ಸೊಪ್ಪು. ಆತ ತಲೆಯ ಮೇಲೆ ಕೈ ಇಟ್ಟುಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಎಣಿಸ್ರಿ ಸ್ವಾಮಿ," ಅಂದರು ಕಂಡಕ್ಟರ್ ಅಣ್ಣ. "ಬಸ್ಸಲ್ಲಿ ಎಣಿಸಿದಂಗೆ ನಾನು ಹಿಂದಿನ ಬಾಗಿಲಿಂದ ಬರ್ತೀನಿ, ನೀವು ಮುಂದಿನ ಬಾಗಿಲಿಂದ ಬರ್ರಿ."

ಡಾಕ್ಟರು ಮೊದಲು ನೋಡಿದ್ದು ನಿನ್ನನ್ನು. ಎದೆಗೆ ಕೊಳವೆ ಇಟ್ಟವರು ಪೂರ್ತಿ ಕೇಳುವ ಮೊದಲೇ ಎದ್ದರು. ಅದೇ ಜೀಪಿನಲ್ಲಿ ಶಿಕಾರಿಪುರಕ್ಕೆ ಹೊರಡಬೇಕು ಎಂದರು. ನಾನು ನಿನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹತ್ತಿದೆ. ಅತ್ತೆ ಜೀಪಿನ ಹತ್ತಿರ ಬಂದು ಒಂದು ಬೇವಿನ ಎಸಳನ್ನು ನಿನ್ನ ಮುಷ್ಟಿಯಲ್ಲಿಟ್ಟು ದಾರಿ ಬಿಟ್ಟರು. ಆಸ್ಪತ್ರೆಯಲ್ಲಿ ನಿನಗೆ ಸೂಜಿ ಚುಚ್ಚುವಾಗಲೂ ಆ ಎಸಳನ್ನು ನೀನು ಬಿಟ್ಟಿರಲಿಲ್ಲ.

ಆ ವಾರ ಪೇಪರಿನಲ್ಲಿ ಲೆಕ್ಕ ಬದಲಾಯಿತು. ಜೀಪುಗಳು ಬಂದವು, ಆಚೀಚಿನ ಊರುಗಳಿಗೂ ಹೋದವು. ನಿನ್ನ ತಮ್ಮನನ್ನೂ ದಿನಾ ನೋಡಿಕೊಂಡು ಹೋಗುತ್ತಿದ್ದರು, ಅವನಿಗೆ ಏನೂ ಆಗಲಿಲ್ಲ. ಕೊನೆಯ ಮನೆಯ ಮಗುವನ್ನೂ ದಡಾರದ ಲೆಕ್ಕಕ್ಕೆ ಸೇರಿಸಿ ಎಂದು ಕಂಡಕ್ಟರ್ ಅಣ್ಣ ಡಾಕ್ಟರನ್ನು ಬಿಡದೆ ಕೇಳಿದರು. "ಹೋದ ಮಗೂನ ಈಗ ಎಣಿಸಿ ಏನ್ ಮಾಡ್ತೀಯ?" ಎಂದು ಯಾರೋ ಕೇಳಿದ್ದಕ್ಕೆ, "ಅದೂ ಇದೇ ಬಸ್ಸಲ್ಲಿ ಇತ್ತಲ್ಲ" ಎಂದಷ್ಟೇ ಹೇಳಿದರು. ಆ ದಿನ ಅವರು ನಗಲಿಲ್ಲ.

ನೀನು ಮನೆಗೆ ಬಂದು, ಬೇವಿನ ನೀರು ಹೊಯ್ದ ಮರುದಿನ ಸಂಜೆ ನಾನು ಒಗ್ಗರಣೆ ಹಾಕಿದೆ. ಹೊರಗೆ ಕುಂಟುವ ಹೆಜ್ಜೆ ನಿಂತಿತು. "ತಂಗೀ, ಇಂಗು ಜಾಸ್ತಿ ಆತು." ನಾನೂ ನಿಮ್ಮಮ್ಮನೂ ಒಳಗೆ ನಗುತ್ತ ಕಣ್ಣೊರೆಸಿಕೊಂಡೆವು.

ಮುಂದೆ ಕೊರೊನಾ ಬಂದು ಬಸ್ಸುಗಳೆಲ್ಲ ನಿಂತಾಗ ಅವರಿಗೆ ವಯಸ್ಸಾಗಿತ್ತು. ಆದರೂ ಸಂಜೆಯ ತಿರುಗಾಟ ಬಿಟ್ಟಿರಲಿಲ್ಲ. ಒಂದು ಸಂಜೆ ನಮ್ಮ ಮನೆಯ ಮುಂದೆ ನಿಂತರು. ನಾನು ಬೇಳೆಸಾರಿಗೆ ಧಾರಾಳವಾಗಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದೆ, ಘಾಟು ದಾರಿಗೆ ನುಗ್ಗುತ್ತಿತ್ತು.

"ಇವತ್ತು ಎಂತ ತಂಗಿ, ಒಲೆ ಹಚ್ಚಿಲ್ವಾ?" ಎಂದು ಕೇಳಿದರು.

ಇಬ್ಬರಿಗೂ ಅರ್ಥವಾಯಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಹತ್ತಿರ ಬರಬ್ಯಾಡ. ನಂಗೂ ಸೀಟು ಸಿಕ್ತು" ಎಂದು ನಕ್ಕು ಮನೆಗೆ ಹೋದರು. ಫೋನ್ ಮಾಡಿದೆವು. ಟೆಸ್ಟು ಮಾಡುವವರು ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಎಂದರು. ಬಾಗಿಲ ಬಳಿ ಗಂಜಿ ಇಟ್ಟು ಬರುತ್ತಿದ್ದೆ. ಒಂದು ಬೆಳಿಗ್ಗೆ ಹಿಂದಿನ ದಿನದ ಗಂಜಿ ಹಾಗೆಯೇ ಇತ್ತು...

ವಯಸ್ಸಾಗಿತ್ತು, ಹೋದರು ಎಂದು ಬರೆದುಕೊಂಡರು. ಟೆಸ್ಟು ಆಗದವರು ಆ ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲವಂತೆ. ನಾನು ಪಂಚಾಯಿತಿಗೆ ಹೋಗಿ ಕೇಳಿದೆ. ಒಬ್ಬಳೇ ಹೋದೆ ಮಕ್ಕಳೇ, ಸೆರಗು ಹಿಡಿದುಕೊಂಡೇ ಹೋದೆ. ಅವರಿಗೆ ವಾಸನೆ ಹೋಗಿತ್ತು, ನಾನೇ ಕಣ್ಣಾರೆ ಕಂಡಿದ್ದೇನೆ, ಸೇರಿಸಿ ಎಂದೆ. ಆಗುವುದಿಲ್ಲ ಎಂದರು. ಆಸ್ಪತ್ರೆಗೂ ಹೋದೆ. ಅಲ್ಲಿಯೂ ಅದೇ ಮಾತು. ಮತ್ತೆ ಹೋದೆ. ಸೊರಬಕ್ಕೂ ಹೋಗಿ ಕೇಳಿದೆ. ಅವರ ಹೆಸರು ಇವತ್ತಿಗೂ ಆ ಲೆಕ್ಕದಲ್ಲಿ ಇಲ್ಲ.

ಸಾವಾದ ಮನೆಯಲ್ಲೂ ಒಗ್ಗರಣೆ ಹಾಕುವುದಿಲ್ಲ, ನಿಮಗೆ ಗೊತ್ತು. ಆದರೆ ಅವರಿಗೆ ಸೂತಕ ಹಿಡಿಯುವ ಮನೆ ಯಾವುದಿತ್ತು? ಅವರು ಹೋದ ದಿನ ಸಂಜೆ ನಾನು ಎಣ್ಣೆಗೆ ಕೈ ಹಾಕದೆ ಸಾರನ್ನು ಹಾಗೆಯೇ ಇಳಿಸಿ, ಹೊರಗೆ ಬಂದು ಕೂತೆ. ಪಕ್ಕದ ಮನೆಯಿಂದ ಸದ್ದು ಬರಲಿಲ್ಲ. ಎದುರು ಮನೆಯಿಂದಲೂ ಬರಲಿಲ್ಲ. ದೀಪ ಹಚ್ಚುವ ಹೊತ್ತು ದಾಟಿತು. ಓಣಿಯ ಆ ತುದಿಯ ತನಕ ಒಂದು ಸಾಸಿವೆಯೂ ಸಿಡಿಯಲಿಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ.

ಪುಟ್ಟಿ, ಮೊನ್ನೆ ಬಾಗಿಲು ಎಳೆದೆಯಲ್ಲ, ಇನ್ನು ಮೇಲೆ ಎಳೆಯಬೇಡ. ನನಗೆ ಕೆಮ್ಮು ಬಂದರೆ ಬರಲಿ. ಘಾಟು ದಾರಿಗೆ ಹೋಗಲಿ. ಇಂಗು ಜಾಸ್ತಿ ಆಯಿತು ಎಂದು ಹೇಳಲು ಅಲ್ಲಿ ಯಾರೂ ಇಲ್ಲ, ಅದು ನನಗೆ ಗೊತ್ತು. ಆದರೂ ಆ ಹೊತ್ತಿಗೆ ನಾನು ಹೊರಗೇ ಕೂತಿರುತ್ತೇನೆ. ಈ ಬೀದಿಯಲ್ಲಿ ಯಾವ ಮನೆಯ ಸದ್ದು ನಿಂತಿದೆ ಎಂದು ಕೇಳುತ್ತಿರುತ್ತೇನೆ. ನಿಂತರೆ ಎದ್ದು ಹೋಗಿ ಬಾಗಿಲು ಬಡಿಯುತ್ತೇನೆ.