ಉಗುರಿಲ್ಲದ ಬೆರಳಿಗೂ ಒಂದು ಕೆಲಸ

ಬೆಳಗಿನ ಐದು ಗಂಟೆ. ಮೂರನೇ ಮಹಡಿಯಲ್ಲಿ ಎರಡೇ ಕೋಣೆಗಳ ಮನೆ. ಕಿಟಕಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತ ಗಿಟಾರಕ್ಕ, ಎಡಗಾಲನ್ನು ಪುಟ್ಟ ಕಾಲುಮಣೆಯ ಮೇಲಿಟ್ಟು, ನಯವಾದ ಮರಳುಕಾಗದದಿಂದ ಬಲಗೈ ಉಗುರುಗಳನ್ನು ತೀಡುತ್ತಿದ್ದಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಂಗುರದ ಬೆರಳಿಗೆ ಬಂದಾಗ ಕೈ ನಿಲ್ಲುತ್ತದೆ. ಅಲ್ಲಿ ತೀಡಲು ಏನೂ ಇಲ್ಲ, ಉಗುರು ಬುಡದವರೆಗೆ ಕಿತ್ತುಹೋಗಿದೆ.

"ಎಂಟು ದಿನದ ಹಿಂದೆ ಬಸ್ಸಿನ ಬಾಗಿಲಿಗೆ ಸಿಕ್ಕಿಹಾಕ್ಕೊಳ್ತು. ಬೆರಳು ಉಳೀತಲ್ಲ, ಪುಣ್ಯ ಅಂತ ಎಲ್ಲರೂ ಸಮಾಧಾನ ಹೇಳಿದ್ರು. ನನಗೆ ಉಗುರಿಂದೇ ಚಿಂತೆ," ಎನ್ನುತ್ತಾರೆ.

ಇದು ಅತಿಯಾಯಿತು ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ಶಾಸ್ತ್ರೀಯ ಗಿಟಾರ್ ನುಡಿಸುವವರಿಗೆ ಉಗುರೇ ಕಸುಬಿನ ಉಪಕರಣ, ಬಡಗಿಗೆ ಉಳಿ ಇದ್ದ ಹಾಗೆ. ಅದೂ ಎಂಥ ಹೊತ್ತಿನಲ್ಲಿ ಹೋಯಿತು ನೋಡಿ! ಬರುವ ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ, ಐವತ್ತನಾಲ್ಕು ವರ್ಷದ ಈ ಹೆಣ್ಣುಮಗಳು ತಾವೇ ರಚಿಸಿದ ಕೃತಿಗಳನ್ನು ಮೊಟ್ಟಮೊದಲ ಬಾರಿಗೆ ತಮ್ಮ ಹೆಸರಿನಲ್ಲಿ ನುಡಿಸಲಿದ್ದಾರೆ.

ಅವರ ಗಿಟಾರನ್ನು ಕೇಳಿದವರು ಸಾವಿರಾರು ಜನ, ಮುಖ ಕಂಡವರು ಕಡಿಮೆ. ಹತ್ತೊಂಬತ್ತು ವರ್ಷಗಳಿಂದ ವಾರಕ್ಕೆ ನಾಲ್ಕು ಸಂಜೆ ಒಂದು ದೊಡ್ಡ ಹೋಟೆಲಿನ ಊಟದ ಕೋಣೆಯಲ್ಲಿ ನುಡಿಸುತ್ತಾರೆ. ಕುರ್ಚಿ ಹಾಕಿರುವುದು ಕಂಬದ ಹಿಂದೆ, ಅಡುಗೆಮನೆಯ ಬಾಗಿಲ ಪಕ್ಕ. ಹಗಲಿಡೀ ಆರು ಮನೆಗಳಿಗೆ ಬಸ್ಸು ಹತ್ತಿಳಿದು ಪಾಠ. ಸ್ವಂತಕ್ಕೆ ಉಳಿಯುವುದು ಬೆಳಗಿನ ಐದರಿಂದ ಏಳರವರೆಗಿನ ಎರಡೇ ಗಂಟೆ. ಆ ಎರಡು ಗಂಟೆಗಳಲ್ಲೇ ಮೂವತ್ತೇಳು ಕೃತಿಗಳು ಹುಟ್ಟಿವೆ. ಎಲ್ಲವೂ ಐದು ಗೆರೆಗಳ ಹಾಳೆಯ ಮೇಲೆ, ಪೆನ್ಸಿಲಿನಲ್ಲಿ.

ಪೆನ್ಸಿಲ್ ಯಾಕೆ ಅಂದೆ. ನಾಳೆ ತಪ್ಪು ಅನ್ನಿಸಿದರೆ ಅಳಿಸಬಹುದಲ್ಲ ಎಂದರು. ಹೋಟೆಲಿನಲ್ಲಿ ಜನ ಕೇಳಿದ ಹಾಡುಗಳ ನಡುವೆ ಆಗೀಗ ತಮ್ಮದೊಂದನ್ನು ತೂರಿಸುತ್ತಾರಂತೆ. ಊಟಕ್ಕೆ ಬಂದವರು ಯಾರಾದರೂ ಇದು ಯಾರ ರಚನೆ ಎಂದು ವಿಚಾರಿಸಿದರೆ, ಯಾರೋ ಹಳಬರದು ಎಂದು ಹೇಳಿ ತಲೆ ತಗ್ಗಿಸುವುದು. ಇಂಥ ಸಂಕೋಚಕ್ಕೆ ಏನು ಹೇಳೋಣ? ನನಗಂತೂ ಸಿಟ್ಟೇ ಬಂತು.

ಗಿಟಾರು ಬಂದದ್ದು ಅಮ್ಮನಿಂದ. ಅಮ್ಮನಿಗೀಗ ಎಂಬತ್ತೆರಡು. ಕಾಲಿನಿಂದ ತುಳಿಯುವ ಮಷೀನಿನಲ್ಲಿ ಬಟ್ಟೆ ಹೊಲಿದು ಮನೆ ನಡೆಸಿದವರು. ಹೊಸ ಮಷೀನಿಗೆಂದು ಕೂಡಿಟ್ಟದ್ದನ್ನು, ಹನ್ನೊಂದರ ಮಗಳು ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದು ಕಂಡು, ಗಿಟಾರಿಗೆ ಕೊಟ್ಟುಬಿಟ್ಟರು. ಹಳೇ ಮಷೀನಿನ ಚರ್ಮದ ಬೆಲ್ಟು ತುಂಡಾದಾಗಲೆಲ್ಲ ತಂತಿ ಕೊಕ್ಕೆ ಹಾಕಿ ಜೋಡಿಸಿಕೊಂಡು ಇನ್ನೂ ಇಪ್ಪತ್ತು ವರ್ಷ ತುಳಿದರು. ಬೆಲ್ಟು ಸುತ್ತು ಬಂದಾಗಲೆಲ್ಲ ಆ ಕೊಕ್ಕೆ ಚಕ್ರಕ್ಕೆ ತಗುಲಿ 'ಟಕ್' ಅನ್ನುತ್ತಿತ್ತು.

ಆ ಮೂವತ್ತೇಳು ಕೃತಿಗಳಲ್ಲಿ ಗಿಟಾರಕ್ಕನಿಗೆ ಪ್ರಾಣವಾದದ್ದು 'ಅಮ್ಮನ ಮಷೀನು'. ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದರ ಹಿಂದೊಂದು ಒಂದೇ ತಂತಿಯನ್ನು ಬಿಡುವಿಲ್ಲದೆ ಮೀಟಿದರೆ ಹೊಲಿಗೆಯಂತೆ ಒಂದು ಸ್ವರ ಓಡುತ್ತದೆ. ಕೆಳಗೆ ಹೆಬ್ಬೆರಳು ರಾಗ ಹಿಡಿಯುತ್ತದೆ. ಉಂಗುರದ ಬೆರಳಿನ ಉಗುರಿಲ್ಲದಿದ್ದರೆ ಆ ಓಟ ಕುಂಟುತ್ತದೆ.

ಸಂಘಟಕರು ಒಳ್ಳೆಯವರೇ, ಮುಂದಕ್ಕೆ ಹಾಕೋಣ ಅಂದರು. ಸಭಾಂಗಣ ಮತ್ತೆ ಸಿಗುವುದು ಏಳು ತಿಂಗಳ ನಂತರ. ಅಮ್ಮನ ಬಲಗಿವಿ ಆಗಲೇ ಹೋಗಿದೆ, ಎಡಗಿವಿಯೂ ದಿನೇ ದಿನೇ ಮಂದವಾಗುತ್ತಿದೆ. ಕಾಯಬೇಡಿ ಎಂದು ಕಿವಿಯ ಡಾಕ್ಟರು ಬಾಯಿಬಿಟ್ಟೇ ಹೇಳಿದ್ದಾರೆ. "ಏಳು ತಿಂಗಳಾದ್ಮೇಲೆ ಯಾರಿಗೆ ನುಡಿಸ್ಲಿ? ಭಾನುವಾರ ಅಂದ್ರೆ ಭಾನುವಾರವೇ," ಎಂದರಂತೆ ಗಿಟಾರಕ್ಕ. ಹೋಟೆಲಿನವರ ಮುಂದೆ ಒಂದು ದಿನವೂ ದನಿ ಎತ್ತದವರು ಅಲ್ಲಿ ಮೇಜು ಕುಟ್ಟಿದರಂತೆ.

ಪಿಂಗ್‌ಪಾಂಗ್ ಚೆಂಡಿನ ಚೂರು ಕತ್ತರಿಸಿ ಉಗುರಿನ ಜಾಗಕ್ಕೆ ಅಂಟಿಸಿಕೊಳ್ಳುವುದು ಗಿಟಾರಿನವರ ಹಳೇ ಉಪಾಯ. ಅದನ್ನೂ ಮಾಡಿದರು. ಅವತ್ತು ಸಂಜೆ ಹೋಟೆಲಿನಲ್ಲಿ ಹಾಡಿನ ನಡುವೆ ಚೂರು ಹಾರಿ, ಊಟಕ್ಕೆ ಕೂತವರೊಬ್ಬರ ಸೂಪಿಗೆ ಬಿತ್ತು. ಅವರು ಅದನ್ನು ಮೀನಿನ ಹುರುಪೆ ಅಂದುಕೊಂಡು ಅಡುಗೆಯವನನ್ನು ಕರೆಸಿ ಬೈದರು. ಪಾಪ, ಅವನದು ತರಕಾರಿ ಸೂಪು. ಗಿಟಾರಕ್ಕ ಎದ್ದುಹೋಗಿ ತಪ್ಪು ತಮ್ಮದೆಂದು ಒಪ್ಪಿಕೊಂಡರು. ವೇದಿಕೆಯ ಮೇಲೆ ಹೀಗಾದರೆ ಗತಿಯೇನು? ಅಂಟು ಡಬ್ಬಿಗೆ ಮುಚ್ಚಳ ಹಾಕಿದರು.

ಮುಂದಿನ ನಾಲ್ಕು ಮುಂಜಾನೆ ಆ ಓಟದ ಕುಂಟು ಮುಚ್ಚಲು ಹೆಣಗಿದರು. ಎರಡೇ ಬೆರಳಲ್ಲಿ ನೋಡಿದರು, ಕಿರುಬೆರಳನ್ನು ಪಳಗಿಸಲು ಹೊರಟರು. ಊಹೂಂ. ಐದನೇ ದಿನ ರೇಗಿಹೋಗಿ, ತಂತಿ ಮೀಟಬೇಕಾದ ಉಂಗುರದ ಬೆರಳಿನಿಂದ ಗಿಟಾರಿನ ಮರವನ್ನೇ ಕುಕ್ಕಿದರು. ಟಕ್. ಇನ್ನೊಮ್ಮೆ ಕುಕ್ಕಿ ಕೇಳಿದರು. ಆಮೇಲೆ ಉಳಿದೆರಡು ಬೆರಳುಗಳ ಓಟದ ನಡುವೆ ಅದನ್ನೇ ಬೇಕೆಂದು ಇಟ್ಟರು. ಸುತ್ತಿಗೊಂದು ಟಕ್.

"ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತ್ರು. ಇಷ್ಟು ವರ್ಷ ಈ ಕೃತಿ ನುಡಿಸಿದಾಗೆಲ್ಲ, ಚೆನ್ನಾಗಿದೆ ಕಣೇ, ಆದ್ರೆ ಇದು ಬೇರೆ ಯಾರದ್ದೋ ಮಷೀನು ಅಂತಿದ್ರು. ಅವತ್ತು, 'ಈಗ ಬಂತು ನೋಡು ನನ್ನ ಬೆಲ್ಟಿನ ಕೊಕ್ಕೆ' ಅಂದ್ರು. ನನಗೆ ನಾಚಿಕೆ ಆಯ್ತು ಕಣ್ರೀ. ಬೆಲ್ಟಿಗೆ ಆ ಕೊಕ್ಕೆ ಬಿದ್ದದ್ದೇ ನನ್ನ ಗಿಟಾರಿಂದ. ನಾನು ಅದೊಂದನ್ನೇ ಬಿಟ್ಟು ಬರೆದಿದ್ದೆ."

ಮಾತು ಸಾಕೆಂಬಂತೆ ಗಿಟಾರು ಎತ್ತಿಕೊಂಡು ನುಡಿಸುತ್ತಾರೆ. ನನಗೆ ಸಂಗೀತದ ಗಂಧಗಾಳಿ ಅಷ್ಟಕ್ಕಷ್ಟೇ. ಆದರೂ ಪ್ರತಿ ಟಕ್‌ಗೂ ಕಾದು ಕೂರುತ್ತೇನೆ. ಒಳಕೋಣೆಯ ಮಂಚದ ಅಂಚಿನಲ್ಲಿ ಕೂತ ಅಮ್ಮ ನಮ್ಮ ಕಡೆ ನೋಡುತ್ತಿಲ್ಲ. ಅವರ ಎರಡೂ ಪಾದಗಳು ಮಾತ್ರ ನೆಲದ ಮೇಲೆ ಹಿಮ್ಮಡಿ, ತುದಿ, ಹಿಮ್ಮಡಿ, ತುದಿ ಎಂದು ತುಳಿಯುತ್ತಿವೆ.

ಭಾನುವಾರಕ್ಕೆ ಗಿಟಾರಕ್ಕನ ಬೇಡಿಕೆ ಒಂದೇ: ಮೊದಲ ಸಾಲಿನ ಬಲತುದಿಯ ಕುರ್ಚಿ. ಅಲ್ಲಿ ಕೂತರೆ ಅಮ್ಮನ ಎಡಗಿವಿ ವೇದಿಕೆಯ ಕಡೆಗಿರುತ್ತದೆ.

ಹೊರಡುವಾಗ ಕೇಳುತ್ತೇನೆ, ಉಗುರು ಬೆಳೆದ ಮೇಲೆ ಮೊದಲಿನ ಹಾಗೇ ನುಡಿಸುತ್ತೀರಾ ಎಂದು. ಅವರು 'ಅಮ್ಮನ ಮಷೀನಿ'ನ ಹಾಳೆಯನ್ನು ನನ್ನ ಕಡೆ ತಿರುಗಿಸುತ್ತಾರೆ. ಮೇಲುಗಡೆ ಅವರ ಪೂರ್ತಿ ಹೆಸರಿದೆ. ಕೆಳಗಿನ ಸ್ವರಗಳೆಲ್ಲ ಕಡುನೀಲಿ.

"ಬೆಳೀಲಿ ಬಿಡಿ, ಉಗುರಿನ ಪಾಡಿಗೆ ಉಗುರು," ಎನ್ನುತ್ತಾರೆ. "ಇದನ್ನ ನಾನು ಪೆನ್ನಲ್ಲಿ ಬರೆದಾಯ್ತು."