ದುಡ್ಡು ವಾಪಸ್ ಬರುವ ಚೌಕ

ವಿನಿಪೆಗ್‌ನ ವೃದ್ಧಾಶ್ರಮವೊಂದರಲ್ಲಿ ಹನ್ನೊಂದು ವರ್ಷದಿಂದ ಬೇರೆಯವರ ಹಾಸಿಗೆ ಬಟ್ಟೆ ಒಗೆದು ಮಡಿಸುತ್ತಿದ್ದ ನೆನಿತಾ ಪಲ್ಮಾರೆಸ್‌ಗೆ ಸಿಟ್ಟೇ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಆ ಬುಧವಾರ ಕೆಲಸದ ನಡುವೆ ಫೋನಿಗೆ ವಲಸೆ ಕಚೇರಿಯ ಪತ್ರ ಬಂತು. ಅದನ್ನು ಓದಿದವಳು ಏಪ್ರನ್ ಕೂಡ ಬಿಚ್ಚದೆ ಬಸ್ ಹತ್ತಿ, ತನ್ನ ಅರ್ಜಿ ತುಂಬಿಸಿದ್ದ ಪುರಿಟಾಳ ಮನೆಗೆ ನುಗ್ಗಿದಳು.

ನೆನಿತಾಳ ಒಬ್ಬಳೇ ಮಗಳು ಜೋಯ್ಲಿನ್ ಫಿಲಿಪೀನ್ಸಿನ ಇಲೋಯ್ಲೋ ಊರಿನಲ್ಲಿದ್ದಳು. ತಾಯಿ ಕೆನಡಾಕ್ಕೆ ಹೊರಟಾಗ ಅಪ್ಪ ಹುಡುಗಿಯನ್ನು ಬಿಟ್ಟುಕೊಡಲಿಲ್ಲ. ಅವನು ತೀರಿಕೊಂಡ ಮೇಲೆ ಮಗಳೇ ಬಾಯಿಬಿಟ್ಟು, ಬರುತ್ತೇನೆ ಎಂದಳು. ಆಗ ಅವಳಿಗೆ ಇಪ್ಪತ್ತೆರಡು ತುಂಬಲು ಎರಡೇ ತಿಂಗಳಿತ್ತು. ತುಂಬಿದರೆ ಕಾನೂನಿನ ಪ್ರಕಾರ ಅವಳು ಯಾರ ಮಗುವೂ ಅಲ್ಲ. ಅರ್ಜಿ ಕಚೇರಿ ಮುಟ್ಟಿದ ದಿನದ ವಯಸ್ಸೇ ಲೆಕ್ಕವೆಂದು ತಿಳಿದು ನೆನಿತಾ ಎದ್ದೂ ಬಿದ್ದೂ ಅರ್ಜಿ ಹಾಕಿದ್ದಳು.

ಅರ್ಜಿ ತುಂಬುವುದೆಂದರೆ ವಿನಿಪೆಗ್‌ನ ಫಿಲಿಪಿನೋ ಮಂದಿಗೆ ಭಾನುವಾರ ಚರ್ಚಿನ ನೆಲಮಾಳಿಗೆ, ತಟ್ಟೆ ತುಂಬ ಪನ್ಸಿತ್ ಶ್ಯಾವಿಗೆ, ನಡುವೆ ಪುರಿಟಾ. ಎಲ್ಲರಿಗೂ ಅವಳು ಮಾನಾಂಗ್, ಅಂದರೆ ಅಕ್ಕ. ಗಂಡನನ್ನು ಕರೆಸಿಕೊಂಡಾಗ ತುಂಬಿದ ಅರ್ಜಿಯ ನಕಲು ಅವಳ ಹತ್ತಿರವಿತ್ತು. ಗೆದ್ದ ಅರ್ಜಿ ಎಂದು ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಹೆಸರು, ತಾರೀಖು ಬಿಟ್ಟು ಉಳಿದದ್ದನ್ನು ಮೂವತ್ತು ಮನೆಯವರು ಕಣ್ಣುಮುಚ್ಚಿ ಅದರಂತೆಯೇ ತುಂಬಿದ್ದರು. ಅದರಲ್ಲೊಂದು ಪ್ರಶ್ನೆ: ಕರೆಸಿಕೊಳ್ಳುವ ಅರ್ಹತೆ ನಿಮಗಿಲ್ಲವೆಂದಾದರೆ ಅರ್ಜಿ ಹಿಂತೆಗೆದು ಶುಲ್ಕ ವಾಪಸ್ ಪಡೆಯುವಿರೋ, ಮುಂದುವರಿಸುವಿರೋ? ಪುರಿಟಾ ಗುರುತು ಹಾಕಿದ್ದು ಮೊದಲ ಚೌಕಕ್ಕೆ. ನೆನಿತಾಳೂ ಅಲ್ಲಿಗೇ ಹಾಕಿದಳು.

ಈ ಕಚೇರಿಯವರ ಜಾಣತನ ನೋಡಿ. ಇನ್ನೂ ಏನೂ ಆಗುವ ಮೊದಲೇ, ಸೋತರೆ ದುಡ್ಡು ಬೇಕಾ ಎಂದು ಕೇಳುತ್ತಾರೆ. ಕೂಲಿ ಮಾಡಿ ಕೂಡಿಟ್ಟವರು ಬೇಡ ಎನ್ನುತ್ತಾರೆಯೇ? ದುಡ್ಡು ತೆಗೆದುಕೊಂಡರೆ ಮೇಲ್ಮನವಿಯ ಹಕ್ಕು ಹೋಯಿತು ಎಂಬುದನ್ನು ಎಲ್ಲೋ ಕೈಪಿಡಿಯ ಮೂಲೆಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ.

ಅರ್ಜಿ ಅಲ್ಲಿ ಕೊಳೆಯುತ್ತಿರುವಾಗ ನೆನಿತಾಳ ಸೊಂಟ ಹಿಡಿದುಕೊಂಡಿತು. ನಾಲ್ಕು ತಿಂಗಳು ಸರ್ಕಾರದ ನೆರವಿನಲ್ಲಿ ಉಂಡಳು. ನೆರವು ಪಡೆಯುವವರು ಯಾರನ್ನೂ ಕರೆಸಿಕೊಳ್ಳುವಂತಿಲ್ಲ. ಅವಳಿಗೆ ಅರ್ಹತೆಯಿಲ್ಲವೆಂದ ಕಚೇರಿ, ಅವಳೇ ಹಾಕಿದ ಗುರುತಿನಂತೆ ಅರ್ಜಿಯನ್ನು ಹಿಂತೆಗೆದುಬಿಟ್ಟಿತು. ಪತ್ರ ಬರುವ ಹೊತ್ತಿಗೆ ಅವಳು ಕೆಲಸಕ್ಕೆ ಮರಳಿದ್ದಳು, ಮೇಲ್ಮನವಿಯಲ್ಲಿ ಅದನ್ನು ಹೇಳಿಕೊಳ್ಳಬಹುದಿತ್ತು. ಆದರೆ ಹಿಂತೆಗೆದ ಅರ್ಜಿಗೆ ಮೇಲ್ಮನವಿ ಎಲ್ಲಿಯದು? ಹೊಸದು ಹಾಕೋಣವೆಂದರೆ ಜೋಯ್ಲಿನ್‌ಗೆ ಈಗ ಇಪ್ಪತ್ಮೂರು.

"ಏನು ಹಾಕಿಸಿದ್ರಿ ಮಾನಾಂಗ್, ನನ್ ಕೈಲಿ?" ಎಂದು ನೆನಿತಾ ಫೋನನ್ನು ಪುರಿಟಾಳ ಮುಖಕ್ಕೆ ಹಿಡಿದಳು.

ಪುರಿಟಾ ಎರಡು ಸಲ ಓದಿದಳು. "ದುಡ್ಡಾದ್ರೂ ಉಳೀಲಿ ಅಂತ ಅಲ್ವೇನೇ? ನನ್ ಗಂಡ ಸಲೀಸಾಗಿ ಬಂದ. ಆ ಚೌಕ ಏನ್ ಮಾಡತ್ತೆ ಅಂತ ನಾನೇನ್ ಕಂಡೆ?"

"ಕಾಣದೇ ಇರೋದನ್ನ ಮೂವತ್ತು ಮನೆಗೆ ಹಂಚಿದ್ರಲ್ಲ, ಹುಟ್ಟಿದಹಬ್ಬದ ಕೇಕ್ ಹಂಚ್ದಂಗೆ."

"ಸಹಿ ಯಾರದ್ದು? ಓದೇ ಹಾಕಿದ್ಯೋ ಇಲ್ವೋ?"

ಆ ಮಾತಿಗೆ ನೆನಿತಾಳ ಮೈಯೆಲ್ಲ ಉರಿಯಿತು. ಬಾಗಿಲನ್ನು ದಢಾರೆಂದು ಎಳೆದುಕೊಂಡು ಹೊರಬಂದಳು. ದಾರಿಯುದ್ದಕ್ಕೂ ಕಚೇರಿಗೆ, ಪುರಿಟಾಗೆ, ತನ್ನ ಹಾಳು ಸೊಂಟಕ್ಕೆ ಬೈದಳು.

ಸಂಜೆ ಜೋಯ್ಲಿನ್ ಕರೆ ಮಾಡಿದಳು.

"ಅಮ್ಮ, ನಂಗೂ ಪತ್ರ ಬಂತು. ಕರೆಸಿಕೊಳ್ಳುವವರ ಇಚ್ಛೆಯಂತೆ ಅರ್ಜಿ ವಾಪಸ್ ಅಂತ ಬರ್ದಿದಾರೆ. ಏನೋ ತಪ್ಪಾಗಿರ್ಬೇಕು, ಅಲ್ವಾ?"

ಪುರಿಟಾಳ ಹೆಸರು ನೆನಿತಾಳ ಬಾಯಿ ತನಕ ಬಂತು. ನುಂಗಿಕೊಂಡಳು.

"ಗುರುತು ನಾನೇ ಹಾಕಿದ್ದು ಕಣೇ. ಆಗ್ದೇ ಹೋದ್ರೆ ದುಡ್ಡಾದ್ರೂ ವಾಪಸ್ ಬರತ್ತೆ ಅಂತ."

"ಬಂತಾ?" ಎಂದು ಕೇಳಿದಳು ಮಗಳು.